ನನ್ನ ಜೀವಕ್ಕೆ ಎಷ್ಟು ಅಂತ ಬರೆಯಲಿ? ಐದು ಅಳತೆಗಳ ಹೋಲಿಕೆ

ದೀಪಾವಳಿ ಕಳೆದ ಮೇಲಿನ ಭಾನುವಾರ, ಮಂಡ್ಯದ ಕಲ್ಲಹಳ್ಳಿಯಲ್ಲಿರುವ ನಮ್ಮ ಮನೆಗೆ ವಿಮೆ ಮಾಡಿಸುವ ಪರಿಚಯದ ಹುಡುಗ ಬಂದಿದ್ದ. ನಮ್ಮ ಯಜಮಾನರ ಅರ್ಜಿ ತುಂಬುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಸಂಬಳ ಎಷ್ಟು, ಸಾಲ ಎಷ್ಟು, ಬೀಡಿ ಸಿಗರೇಟು ಉಂಟಾ, ತಂದೆಗೆ ಸಕ್ಕರೆ ಕಾಯಿಲೆ ಇತ್ತಾ, ಎಲ್ಲ ಕೇಳಿದ. ನನ್ನ ಸರದಿ ಎರಡೇ ನಿಮಿಷಕ್ಕೆ ಮುಗಿಯಿತು. "ಅಕ್ಕ, ನೀವು ಮನೇಲೇ ಇರೋದಲ್ವಾ. ಬ್ಯಾಂಕಲ್ಲಿ ಎರಡು ಲಕ್ಷದ್ದೊಂದು ಮಾಡುಸ್ಬುಡಿ, ಸಾಕು."

ಹುಡುಗ ಕೆಟ್ಟವನಲ್ಲ, ಅವನಿಗೆ ಹೇಳಿಕೊಟ್ಟಿದ್ದನ್ನೇ ಹೇಳಿದ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇಂಥದೇ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ.

ಮದ್ದೂರಿನ ಹತ್ತಿರದ ನಮ್ಮೂರಲ್ಲಿ ಅಪ್ಪನಿಗೆ ಒಂದೂಕಾಲು ಎಕರೆ ಕಬ್ಬು, ಜೊತೆಗೆ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಕೆಲಸ. 2009ರಲ್ಲಿ ಲಾರಿ ಗುದ್ದಿ ತೀರಿಕೊಂಡರು. ಆಗ ಅವರಿಗೆ 52. ವಕೀಲರು "ಆದಾಯಕ್ಕೆ ಏನಾದರೂ ದಾಖಲೆ ಇದೆಯೇನಮ್ಮ?" ಅಂದಾಗ ಅಪ್ಪನ ಜೇಬಿನ ಪುಸ್ತಕ ಕೊಟ್ಟೆ. ಎಷ್ಟು ಕೊಪ್ಪರಿಗೆ ಬೆಲ್ಲ, ಎಷ್ಟು ಅಚ್ಚು, ಯಾರಿಂದ ಎಷ್ಟು ಬಾಕಿ, ಎಲ್ಲ ಪೆನ್ಸಿಲ್ಲಿನಲ್ಲಿತ್ತು. ನಾಲ್ಕು ಹಾಳೆ ತಿರುವಿ ವಾಪಸ್ ಕೊಟ್ಟರು. ಕೊನೆಗೆ ಕೋರ್ಟಿನಲ್ಲಿ ತಿಂಗಳಿಗೆ 5,000 ಆದಾಯ ಅಂತ ಹಿಡಿದರು. ವರ್ಷಕ್ಕೆ 60,000. ಅದರಲ್ಲಿ ಅಪ್ಪನ ಸ್ವಂತ ಖರ್ಚು ಅಂತ ಕಾಲು ಭಾಗ ಕಳೆದು 45,000. ಅವರ ವಯಸ್ಸಿಗೆ 11ರಿಂದ ಗುಣಿಸಿ 4,95,000. ಮಣ್ಣು ಮಾಡಿದ ಖರ್ಚು ಅದೂ ಇದೂ ಬೇರೆ. ಅಪ್ಪ ದುಡಿಯುತ್ತಿದ್ದುದು ಅದರ ಎರಡರಷ್ಟಾದರೂ ಇತ್ತು. ಕಾಗದದಲ್ಲಿ ಇರಲಿಲ್ಲ.

ಜೀವಕ್ಕೆ ಬೆಲೆ ಕಟ್ಟುವುದೇ ಅಪಶಕುನ ಅನ್ನುವವರಿದ್ದಾರೆ, ನಮ್ಮ ಅತ್ತೆಯೂ ಹಾಗೇ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನಾವು ಕಟ್ಟದಿದ್ದರೆ ನಮ್ಮನ್ನು ಕಂಡೇ ಇರದ ಯಾರೋ ಒಬ್ಬರು ನಾವಿಲ್ಲದ ಹೊತ್ತಿನಲ್ಲಿ ಅಂದಾಜಿನ ಮೇಲೆ ಕಟ್ಟುತ್ತಾರೆ. ಹಾಗಾಗಿ ಯಜಮಾನರೂ ನಾನೂ ಕೂತು, ಚಾಲ್ತಿಯಲ್ಲಿರುವ ಅಳತೆಗಳನ್ನೆಲ್ಲ ನಮ್ಮಿಬ್ಬರ ಮೇಲೂ ಇಟ್ಟು ನೋಡಿದೆವು. ಅವರಿಗೆ 41, ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಖಾಯಂ ಅಲ್ಲ, ತಿಂಗಳಿಗೆ 30,000. ನನಗೆ 37. ಮನೆಗೆಲಸ, ಬಿಡುವಿನಲ್ಲಿ ರವಿಕೆ ಹೊಲಿದು ಸೀರೆಗೆ ಕುಚ್ಚು ಕಟ್ಟಿ ಸುಮಾರು 6,000. ಇಬ್ಬರು ಮಕ್ಕಳು, ಮನೆಯಲ್ಲಿ ಅತ್ತೆ.

ಸಂಬಳದ ಅಳತೆ

ಏಜೆಂಟರು ಬಳಸುವುದು ಇದನ್ನೇ: ವರ್ಷದ ಆದಾಯದ ಹತ್ತರಿಂದ ಹದಿನೈದು ಪಟ್ಟು. ಮನುಷ್ಯನ ಮುಂದಿನ ಗಳಿಕೆಯನ್ನೇ ಒಂದು ಆಸ್ತಿಯಂತೆ ಲೆಕ್ಕ ಹಾಕಬೇಕು ಅನ್ನುವ ವಿಚಾರವನ್ನು 1920ರ ದಶಕದಲ್ಲಿ ಅಮೆರಿಕದ ಸಾಲೊಮನ್ ಹ್ಯೂಬ್ನರ್ ಎಂಬ ಪ್ರಾಧ್ಯಾಪಕರು ವಿಮೆಯ ಲೋಕಕ್ಕೆ ತಂದರು. ಯಜಮಾನರಿಗೆ ಇದರ ಪ್ರಕಾರ 36ರಿಂದ 54 ಲಕ್ಷ. ನನಗೆ, ಹೊಲಿಗೆಯ ದುಡ್ಡನ್ನು ಒಪ್ಪಿದರೆ, 7ರಿಂದ 11 ಲಕ್ಷದ ಒಳಗೆ. ಒಪ್ಪದಿದ್ದರೆ ಸೊನ್ನೆ. ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ ಅನ್ನುವುದೊಂದೇ ಇದರ ಗುಣ. ಒಂಟಿ ಹುಡುಗನಿಗೂ ಆರು ಜನರನ್ನು ಸಾಕುವವನಿಗೂ ಇದು ಒಂದೇ ಅಂಕಿ ಕೊಡುತ್ತದೆ.

ಕೋರ್ಟಿನ ಅಳತೆ

ರಸ್ತೆ ಅಪಘಾತದ ಪರಿಹಾರಕ್ಕೆ ನಮ್ಮ ನ್ಯಾಯಾಲಯಗಳು ಅನುಸರಿಸುವ ಲೆಕ್ಕ ಎರಡು ತೀರ್ಪುಗಳ ಮೇಲೆ ನಿಂತಿದೆ. 2009ರ ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಯಸ್ಸಿಗೆ ತಕ್ಕ ಗುಣಕಗಳನ್ನು, ಅಂದರೆ ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕು ಅನ್ನುವುದನ್ನು, ನಿಗದಿ ಮಾಡಿತು: 15ರಿಂದ 25 ವರ್ಷದವರಿಗೆ 18, ಅಲ್ಲಿಂದ ಐದೈದು ವರ್ಷಕ್ಕೆ ಒಂದೊಂದು ಇಳಿಯುತ್ತಾ 46–50ಕ್ಕೆ 13, ಆಮೇಲೆ ಎರಡೆರಡು ಇಳಿದು 51–55ಕ್ಕೆ 11, 56–60ಕ್ಕೆ 9, 61–65ಕ್ಕೆ 7, ಅದನ್ನು ದಾಟಿದವರಿಗೆ 5. ಸತ್ತವರ ಸ್ವಂತ ಖರ್ಚೆಂದು ಎಷ್ಟು ಕಳೆಯಬೇಕು ಅನ್ನುವುದೂ ಅದರಲ್ಲೇ ಇದೆ. ಮದುವೆಯಾಗದವರಿಗೆ ಅರ್ಧ, ಅವಲಂಬಿತರು ಎರಡು ಮೂರು ಜನರಿದ್ದರೆ ಮೂರನೇ ಒಂದು, ನಾಲ್ಕರಿಂದ ಆರು ಜನರಿದ್ದರೆ ಕಾಲು, ಇನ್ನೂ ಹೆಚ್ಚಿದ್ದರೆ ಐದನೇ ಒಂದು. 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಖಾಯಂ ಕೆಲಸ ಇಲ್ಲದವರಿಗೂ ಮುಂದೆ ಆದಾಯ ಹೆಚ್ಚುತ್ತಿತ್ತು ಅನ್ನುವುದನ್ನು ಒಪ್ಪಿತು. 40ರ ಒಳಗಿದ್ದರೆ ಶೇ 40 ಸೇರಿಸಬೇಕು, 40ರಿಂದ 50ಕ್ಕೆ ಶೇ 25, 50ರಿಂದ 60ಕ್ಕೆ ಶೇ 10. ಅಪ್ಪನ ಕಾಲಕ್ಕೆ ಈ ಕೊನೆಯದು ಸಿಗಲಿಲ್ಲ.

ಯಜಮಾನರ ಲೆಕ್ಕ: ವರ್ಷಕ್ಕೆ 3,60,000. ಶೇ 25 ಸೇರಿಸಿ 4,50,000. ನಾಲ್ವರು ಅವಲಂಬಿತರು, ಕಾಲು ಭಾಗ ಕಳೆದು 3,37,500. ಗುಣಕ 14. ಒಟ್ಟು 47,25,000.

ನನ್ನ ಲೆಕ್ಕಕ್ಕೆ ಮುಂಚೆ ಒಂದು ಮಾತು. ಮನೆಯಲ್ಲಿರುವ ಹೆಂಗಸಿನ ದುಡಿಮೆ ಗಂಡನ ಆದಾಯದ ಮೂರನೇ ಒಂದು ಅಂತ ಮೋಟಾರು ವಾಹನ ಕಾಯ್ದೆಯ ಹಳೆಯ ಅನುಸೂಚಿಯಲ್ಲಿ ಬರೆದಿತ್ತು. ಅಂದರೆ ಗಂಡನಿಗೆ ಬಡ್ತಿ ಸಿಕ್ಕರೆ ಹೆಂಡತಿಯ ಅಡಿಗೆಗೂ ಬೆಲೆ ಏರಬೇಕು, ಅವನ ಕೆಲಸ ಹೋದರೆ ಇಳಿಯಬೇಕು. 1989ರಲ್ಲಿ ಜಮ್ಷೆಡ್‌ಪುರದ ಸಮಾರಂಭವೊಂದರಲ್ಲಿ ಬೆಂಕಿ ಬಿದ್ದು ಸತ್ತವರ ಪ್ರಕರಣದಲ್ಲಿ, 2001ರಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ಅಂತ ಹಿಡಿಯಿತು. ಗಂಡನ ಸಂಬಳದಿಂದ ಅಳೆಯುವ ಕ್ರಮವನ್ನು 2010ರಲ್ಲಿ ಇನ್ನೊಂದು ಪ್ರಕರಣದಲ್ಲಿ ಟೀಕಿಸಿತು. 2021ರ ಕೀರ್ತಿ ಪ್ರಕರಣದಲ್ಲಿ, ಗೃಹಿಣಿಯ ದುಡಿಮೆಗೂ ಒಂದು ಆದಾಯ ಊಹಿಸಿ ಹಿಡಿಯಬೇಕು, ಅದರ ಮೇಲೂ ಮುಂದಿನ ಹೆಚ್ಚಳ ಸೇರಿಸಬೇಕು ಅಂದಿತು. ಎಷ್ಟು ಹಿಡಿಯುವುದು ಅನ್ನುವುದು ಆಯಾ ನ್ಯಾಯಮಂಡಳಿಗೆ ಬಿಟ್ಟದ್ದು. 12,000 ಅಂತ ಇಟ್ಟುಕೊಂಡೆವು. ವರ್ಷಕ್ಕೆ 1,44,000, ಶೇ 40 ಸೇರಿಸಿ 2,01,600, ಕಾಲು ಕಳೆದು 1,51,200, ಗುಣಕ 15. ಒಟ್ಟು 22,68,000.

ಎರಡು ಲಕ್ಷ ಸಾಕು ಅಂದಿದ್ದ ಹುಡುಗನನ್ನು ನೆನೆದುಕೊಂಡೆ.

ಈ ಅಳತೆ ಗಂಭೀರವಾದದ್ದು, ಆದರೂ ಇದನ್ನೇ ನೆಚ್ಚಿಕೊಂಡು ಕೂರುವ ಹಾಗಿಲ್ಲ. ತಪ್ಪು ಎದುರಿನ ವಾಹನದ್ದಾಗಿರಬೇಕು, ಅದಕ್ಕೆ ವಿಮೆ ಇರಬೇಕು, ಕಾಯ್ದೆ ಹೇಳುವ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಪ್ಪು ಯಾರದೆಂದು ಸಾಬೀತು ಮಾಡದೆ ಪಡೆಯಬಹುದಾದ್ದು 5 ಲಕ್ಷ. ಗುದ್ದಿದ ಗಾಡಿ ಓಡಿಹೋಗಿ ಪತ್ತೆಯಾಗದಿದ್ದರೆ 2 ಲಕ್ಷ. ತಾನೇ ಆಯತಪ್ಪಿ ಬಿದ್ದರೆ ಬೈಕಿನ ವಿಮೆಯ ಜೊತೆಗಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆ, ಆದರೆ ಅದು ಬೈಕು ಯಾರ ಹೆಸರಿನಲ್ಲಿದೆಯೋ ಅವರು ಓಡಿಸುತ್ತಿದ್ದರೆ, ಲೈಸೆನ್ಸ್ ಇದ್ದರೆ ಮಾತ್ರ. ನಮ್ಮ ಬೈಕು ಮೈದುನನ ಹೆಸರಿನಲ್ಲಿತ್ತು. ಆ ವಾರವೇ ಹೆಸರು ಬದಲಾವಣೆಗೆ ಕೊಟ್ಟೆವು. ಇನ್ನು ಹೃದಯಾಘಾತಕ್ಕೆ, ಕ್ಯಾನ್ಸರಿಗೆ ಈ ಅಳತೆಯಲ್ಲಿ ಬಿಡಿಗಾಸೂ ಇಲ್ಲ.

ಸರ್ಕಾರದ ಪರಿಹಾರ

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಹತ್ತಿರ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿತ್ತು. 30 ಜನ ಹೋದರು, ಶಾಲೆಯಿಂದ ಮನೆಗೆ ಬರುತ್ತಿದ್ದ ಮಕ್ಕಳೂ ಇದ್ದರು. ಸರ್ಕಾರ ಪ್ರತಿ ಕುಟುಂಬಕ್ಕೆ 5 ಲಕ್ಷ ಘೋಷಿಸಿತು. ದುಡಿಯುವವನಿಗೂ ಅಷ್ಟೇ, ಮಗುವಿಗೂ ಅಷ್ಟೇ, ಮುದುಕಿಗೂ ಅಷ್ಟೇ. ಐದರಲ್ಲಿ ಇದೊಂದೇ ಅಳತೆ ಎಲ್ಲರನ್ನೂ ಸಮನಾಗಿ ಕಾಣುವುದು, ಅದಕ್ಕಾಗಿ ನನಗೆ ಇದರ ಮೇಲೆ ಗೌರವವಿದೆ. ಆದರೆ ಇದನ್ನು ಎಣಿಸಿಕೊಂಡು ಸಂಸಾರದ ಲೆಕ್ಕ ಬರೆಯಲಾಗದು. ಸುದ್ದಿಯಾದ ಸಾವಿಗೆ ಬರುತ್ತದೆ, ಆಲೆಮನೆಯಿಂದ ಒಬ್ಬನೇ ಸೈಕಲ್ಲಿನಲ್ಲಿ ಬರುತ್ತಿದ್ದವನ ಸಾವಿಗೆ ಬರುವುದಿಲ್ಲ.

ಅಪಾಯದ ಅಳತೆ

ಅರ್ಥಶಾಸ್ತ್ರದವರು ಜೀವದ ಬೆಲೆಯನ್ನು ನೇರವಾಗಿ ಕೇಳುವುದಿಲ್ಲ. ಸಾಯುವ ಅಪಾಯ ಒಂಚೂರು ಕಡಿಮೆಯಾಗಲಿ ಅಂತ ನೀನು ಎಷ್ಟು ಕೊಡಲು ತಯಾರು ಅಂತ ಕೇಳುತ್ತಾರೆ. 1968ರಲ್ಲಿ ಥಾಮಸ್ ಶೆಲ್ಲಿಂಗ್ ಈ ದಾರಿ ತೋರಿಸಿದರು. ಹೆಲ್ಮೆಟ್ಟಿನ ಉದಾಹರಣೆ ನೋಡಿ, ಅಂಕಿ ಅರ್ಥವಾಗಲೆಂದು ನಾನೇ ಇಟ್ಟುಕೊಂಡದ್ದು. ರಸ್ತೆ ಬದಿಯ ಅರ್ಧ ಹೆಲ್ಮೆಟ್ಟಿಗಿಂತ ಐ.ಎಸ್.ಐ. ಗುರುತಿನ ಪೂರ್ತಿ ಹೆಲ್ಮೆಟ್ಟಿಗೆ 1,200 ಹೆಚ್ಚು ಅನ್ನಿ. ಅದರಿಂದ ಸಾಯುವ ಅಪಾಯ ಹತ್ತು ಸಾವಿರದಲ್ಲಿ ಒಂದರಷ್ಟು ಇಳಿಯುತ್ತದೆ ಅನ್ನಿ. ಹತ್ತು ಸಾವಿರ ಜನ ಹಾಗೆ ಕೊಂಡರೆ ಒಂದು ಜೀವ ಉಳಿಯಿತು, ಖರ್ಚಾದದ್ದು 1 ಕೋಟಿ 20 ಲಕ್ಷ. ದುಡ್ಡು ಕೊಟ್ಟು ಕೊಂಡವನು ತನ್ನ ಜೀವಕ್ಕೆ ಕಡಿಮೆಯೆಂದರೂ ಅಷ್ಟು ಬೆಲೆ ಕಟ್ಟಿಕೊಂಡ ಹಾಗಾಯಿತು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2006ರ ಡಾಲರ್ ಬೆಲೆಯಲ್ಲಿ ಒಂದು ಜೀವಕ್ಕೆ 74 ಲಕ್ಷ ಡಾಲರ್ ಅಂತ ಬಳಸುತ್ತಾ ಬಂದಿತ್ತು. ಗಾಳಿ ಶುದ್ಧವಾಗಿಡುವ ನಿಯಮದ ಖರ್ಚು ತಕ್ಕದ್ದೇ ಅಂತ ತೂಗಿ ನೋಡುವುದಕ್ಕೆ ಆ ಅಂಕಿ. ಯಾರ ಮನೆಗೂ ಅಷ್ಟು ದುಡ್ಡು ಹೋಗುವುದಿಲ್ಲ. ಎಷ್ಟು ವಿಮೆ ಬೇಕು ಅನ್ನುವುದಕ್ಕೆ ಈ ಅಳತೆ ಕೆಲಸಕ್ಕೆ ಬಾರದು, ಆದರೆ ಬದುಕಿರುವಾಗ ಬಳಸಬೇಕಾದ ಅಳತೆ ಇದೊಂದೇ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕುಗಳನ್ನು ಬಿಡುತ್ತಿಲ್ಲ. ರೈಲು ತಪ್ಪಿದ ದಿನ ಯಜಮಾನರು ಬೈಕಿನಲ್ಲಿ ಸರ್ವಿಸ್ ರಸ್ತೆ ಹಿಡಿದು ಹೋಗುತ್ತಿದ್ದರು, ಅಲ್ಲಿ ಎದುರಿಗೇ ಗಾಡಿಗಳು ಬರುತ್ತವೆ. ಬಸ್ಸಿನ ದುಡ್ಡು ಉಳಿಸಲು ಆ ಅಪಾಯ ಯಾಕೆ ಅಂತ ನಾನು ಎಷ್ಟೋ ಸಲ ಹೇಳಿದ್ದೆ. ಈ ಲೆಕ್ಕ ಬರೆದು ತೋರಿಸಿದ ಮೇಲೆ ಒಪ್ಪಿದರು.

ಮನೆಯ ಕೊರತೆಯ ಅಳತೆ

ನಾನು ಆರಿಸಿಕೊಂಡದ್ದು ಇದನ್ನು. ನಾನು ಯಾವ ಬೆಲೆಯವಳು ಅನ್ನುವ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ನಾಳೆ ಬೆಳಿಗ್ಗೆ ನಾನಿಲ್ಲದಿದ್ದರೆ ಈ ಮನೆ ಯಾವುದಕ್ಕೆಲ್ಲ ದುಡ್ಡು ಕೊಡಬೇಕಾಗುತ್ತದೆ, ಎಷ್ಟು ವರ್ಷ ಕೊಡಬೇಕಾಗುತ್ತದೆ ಅಂತ ಕೇಳುತ್ತದೆ. ಇರುವುದನ್ನು ಕಳೆಯುತ್ತದೆ.

ಮೊದಲು ಯಜಮಾನರದ್ದು. ಮನೆಸಾಲ 9 ಲಕ್ಷ, ಒಡವೆ ಸಾಲ 1 ಲಕ್ಷ 20 ಸಾವಿರ. ಸಾಲದ ಕಂತು ಬಿಟ್ಟು ತಿಂಗಳ ಖರ್ಚು 26,000. ಅದರಲ್ಲಿ ಅವರ ಪೆಟ್ರೋಲು, ರೈಲಿನ ಪಾಸು, ಊಟ ಅಂತ 5,000 ಕಳೆಯಿತು, ನನ್ನ ಹೊಲಿಗೆಯ 6,000 ಕಳೆಯಿತು. ಉಳಿದ 15,000 ಬೇಕೇ ಬೇಕು. ಚಿಕ್ಕವಳಿಗೆ 8 ವರ್ಷ, ಅವಳ ಓದು ಮುಗಿಯುವ ತನಕ 15 ವರ್ಷ: 27 ಲಕ್ಷ. ಇಬ್ಬರ ಕಾಲೇಜಿಗೆ 12 ಲಕ್ಷ. ಎಲ್ಲ ಸೇರಿ 49 ಲಕ್ಷ 20 ಸಾವಿರ. ಪಿ.ಎಫ್.ನಲ್ಲಿ 4 ಲಕ್ಷ ಇದೆ. ಪಿ.ಎಫ್. ಇರುವ ಕೆಲಸಗಾರ ಕೆಲಸದಲ್ಲಿರುವಾಗ ತೀರಿಕೊಂಡರೆ ಇ.ಡಿ.ಎಲ್.ಐ. ಎಂಬ ವಿಮೆಯಲ್ಲಿ ಗರಿಷ್ಠ 7 ಲಕ್ಷ ಬರುತ್ತದೆ, ಕೆಲಸಗಾರ ಒಂದು ಪೈಸೆ ಕಟ್ಟಬೇಕಿಲ್ಲ. ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ, ದಯವಿಟ್ಟು ಮನೆಯವರಿಗೆ ಹೇಳಿಡಿ. ಈ 11 ಲಕ್ಷ ಕಳೆದರೆ ಕೊರತೆ 38 ಲಕ್ಷ 20 ಸಾವಿರ. ಬೆಲೆ ಏರುವುದನ್ನು ನೆನೆದು 50 ಲಕ್ಷ ಅಂತ ಬರೆದೆವು.

ಆಮೇಲೆ ನನ್ನದು. ಯಜಮಾನರು ಪೆನ್ನು ಹಿಡಿದರು, ನಾನು ಬೀದಿಯಲ್ಲಿ ಕೇಳಿ ತಿಳಿದ ದರ ಹೇಳುತ್ತಾ ಹೋದೆ. ಎರಡು ಹೊತ್ತಿನ ಅಡಿಗೆಗೆ 6,000. ಪಾತ್ರೆ, ನೆಲ, ಬಟ್ಟೆಗೆ 2,500. ಸೊಂಟದ ಮೂಳೆ ಮುರಿದ ಮೇಲೆ ಅತ್ತೆಗೆ ಏಳಲು ಕೂರಲು ಜೊತೆ ಬೇಕು, ಹಗಲು ನೋಡಿಕೊಳ್ಳುವವರಿಗೆ 12,000. ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವ ಆಟೊಗೆ 2,400. ಸಂಜೆ ನಾನು ಹೇಳಿಕೊಡುವ ಪಾಠಕ್ಕೆ ಟ್ಯೂಷನ್ 1,500. ನಿಂತುಹೋಗುವ ಹೊಲಿಗೆ 6,000. ಕೂಡಿಸಿದರೆ 30,400.

ಅವರು ಎರಡು ಸಲ ಕೂಡಿದರು. ಅವರ ಸಂಬಳಕ್ಕಿಂತ 400 ರೂಪಾಯಿ ಹೆಚ್ಚು. ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ಅತ್ತೆಯ ಆರೈಕೆಯನ್ನು 6 ವರ್ಷಕ್ಕೆ, ಮಿಕ್ಕಿದ್ದನ್ನು 10 ವರ್ಷಕ್ಕೆ ಲೆಕ್ಕ ಹಾಕಿದೆವು. 8,64,000 ಮತ್ತು 22,08,000. ನನ್ನ ಸ್ವಂತ ಖರ್ಚು ತಿಂಗಳಿಗೆ 3,000 ಅಂತ 3,60,000 ಕಳೆದು, ಉಳಿದದ್ದು 27,12,000. ಕೋರ್ಟಿನ ಅಳತೆಗಿಂತ ಹೆಚ್ಚು. ಮಕ್ಕಳಿಗೆ ಜ್ವರ ಬಂದ ರಾತ್ರಿಗಳನ್ನು ಇದರಲ್ಲಿ ಸೇರಿಸಿಲ್ಲ, ಸೇರಿಸುವ ಹಾಗೂ ಇಲ್ಲ.

ಈ ಅಳತೆಗೂ ಕುಂದು ಇದೆ. ಯಾರೂ ಅವಲಂಬಿತರಿಲ್ಲದವರಿಗೆ ಇದು ಸೊನ್ನೆ ತೋರಿಸುತ್ತದೆ. ಅದನ್ನು ಅವರ ಜೀವಕ್ಕೆ ಬೆಲೆಯಿಲ್ಲ ಅಂತ ಓದಬಾರದು, ಅವರಿಗೆ ಜೀವವಿಮೆ ಬೇಡ ಅಂತಷ್ಟೇ ಓದಬೇಕು. ಅಂಥವರು ಆ ದುಡ್ಡನ್ನು ಆರೋಗ್ಯ ವಿಮೆಗೆ ಹಾಕಲಿ.

ಅಂಕಿ ಬಂತು, ಯಾವ ವಿಮೆ?

ಬ್ಯಾಂಕಿನ ಪ್ರಧಾನಮಂತ್ರಿ ಜೀವನ್ ಜ್ಯೋತಿ ವರ್ಷಕ್ಕೆ 436 ರೂಪಾಯಿ. ಯಾವ ಕಾರಣಕ್ಕೆ ಸತ್ತರೂ 2 ಲಕ್ಷ, ಸೇರಿದ ಮೊದಲ 30 ದಿನ ಅಪಘಾತಕ್ಕೆ ಮಾತ್ರ. 18ರಿಂದ 50ರ ಒಳಗೆ ಸೇರಬೇಕು, 55ರ ತನಕ ನಡೆಯುತ್ತದೆ. ಸುರಕ್ಷಾ ಬಿಮಾ 20 ರೂಪಾಯಿ, ಅಪಘಾತಕ್ಕೆ ಮಾತ್ರ 2 ಲಕ್ಷ. ಎರಡನ್ನೂ ಎಲ್ಲರೂ ಮಾಡಿಸಲಿ. ಆದರೆ ಎರಡು ಬ್ಯಾಂಕಿನಲ್ಲಿ ಮಾಡಿಸಿದರೆ ಎರಡರಷ್ಟು ಬರುವುದಿಲ್ಲ. ವಿಮೆಯ ವರ್ಷ ಜೂನ್ 1ಕ್ಕೆ ಶುರು, ಮೇ ಕೊನೆಯಲ್ಲಿ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ನಿಂತುಹೋಗುತ್ತದೆ. ಕಬ್ಬಿನ ಬಿಲ್ಲು ಬರುವುದು ತಡವಾದ ವರ್ಷ ನಮ್ಮೂರಲ್ಲಿ ಹೀಗೆ ತಪ್ಪಿಹೋದದ್ದನ್ನು ಕಂಡಿದ್ದೇನೆ.

ಟರ್ಮ್ ವಿಮೆ ಗೊತ್ತುಮಾಡಿದ ವರ್ಷಗಳೊಳಗೆ ಸತ್ತರೆ ಮಾತ್ರ ದುಡ್ಡು ಕೊಡುತ್ತದೆ, ಬದುಕಿ ಉಳಿದರೆ ಏನೂ ಕೊಡುವುದಿಲ್ಲ, ಅದಕ್ಕೇ ಅಗ್ಗ. ಯಜಮಾನರ 50 ಲಕ್ಷಕ್ಕೆ, 60ರ ತನಕ, ನಮಗೆ ಬಂದ ದರ ವರ್ಷಕ್ಕೆ 12 ಸಾವಿರದ ಆಸುಪಾಸು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಗೆ ಜಿ.ಎಸ್.ಟಿ. ಇಲ್ಲ. ದುಡ್ಡು ವಾಪಸ್ ಬರುವ ಪಾಲಿಸಿಗಳಲ್ಲಿ ವಿಮಾ ಮೊತ್ತ ಸಾಮಾನ್ಯವಾಗಿ ವರ್ಷದ ಕಂತಿನ ಹತ್ತಿಪ್ಪತ್ತು ಪಟ್ಟಿನೊಳಗೇ ನಿಲ್ಲುತ್ತದೆ. 50 ಲಕ್ಷ ಬೇಕೆಂದರೆ ನಮ್ಮ ವರ್ಷದ ಗಳಿಕೆಯ ಬಹುಪಾಲು ಅದಕ್ಕೇ ಹೋಗಬೇಕು. ಉಳಿತಾಯದ ಅಭ್ಯಾಸಕ್ಕೆ ಅವು ಇರಲಿ, ಈ ಕೊರತೆ ತುಂಬುವ ಶಕ್ತಿ ಅವಕ್ಕಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ರಾಜ್ಯ ಸರ್ಕಾರಿ ನೌಕರರಿಗೆ ಕೆ.ಜಿ.ಐ.ಡಿ. ಎಂಬ ಸರ್ಕಾರದ್ದೇ ಜೀವವಿಮೆ ಇದೆ, ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗೆ ಶುರು ಮಾಡಿದ್ದು. ಅಂಥ ಮನೆಗಳು ಆ ಮೊತ್ತ ಕಳೆದು ಮಿಕ್ಕಿದ್ದಕ್ಕೆ ನೋಡಿದರೆ ಆಯಿತು.

ಗೃಹಿಣಿಗೆ ಟರ್ಮ್ ವಿಮೆ ಕೇಳಿದರೆ ಕೆಲವು ಕಂಪನಿಗಳು ಗಂಡನಿಗೆ ವಿಮೆ ಇರಬೇಕು ಅನ್ನುತ್ತವೆ, ಅದರ ಒಂದು ಪಾಲಿನಷ್ಟು ಮಾತ್ರ ಕೊಡುತ್ತವೆ, ಓದಿನ ಷರತ್ತೂ ಇರುತ್ತದೆ. ಮೂರು ಕಡೆ ಕೇಳಿ, ನಾಲ್ಕನೆಯ ಕಡೆ ನನಗೆ 25 ಲಕ್ಷಕ್ಕೆ ಒಪ್ಪಿದರು. ಬಿಡಬೇಡಿ, ಕೇಳಿ.

ಅರ್ಜಿಯಲ್ಲಿ ನಿಜ ಬರೆಯಿರಿ. ಬಿ.ಪಿ., ಸಕ್ಕರೆ, ಹೊಗೆಸೊಪ್ಪು ಯಾವುದನ್ನೂ ಮುಚ್ಚಬೇಡಿ. ಮೂರು ವರ್ಷ ದಾಟಿದ ಪಾಲಿಸಿಯನ್ನು ಕಂಪನಿ ಪ್ರಶ್ನಿಸುವ ಹಾಗಿಲ್ಲ ಅಂತ ವಿಮಾ ಕಾಯ್ದೆಯ 45ನೇ ಸೆಕ್ಷನ್ ಹೇಳುತ್ತದೆ, ಆದರೆ ಆ ಮೂರು ವರ್ಷದೊಳಗೇ ಏನಾದರೂ ಆದರೆ ಮುಚ್ಚಿಟ್ಟದ್ದೇ ಮುಳುವಾಗುತ್ತದೆ. ಕೈಸಾಲ ಇರುವ ಮನೆಯ ಗಂಡಸರು 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯಡಿ ಪಾಲಿಸಿ ಮಾಡಿಸಲಿ. ಆಗ ಆ ದುಡ್ಡು ಹೆಂಡತಿ ಮಕ್ಕಳದ್ದು, ಸಾಲ ಕೊಟ್ಟವರು ಕೈ ಹಾಕುವಂತಿಲ್ಲ. ಇದನ್ನು ಪಾಲಿಸಿ ಕೊಳ್ಳುವಾಗಲೇ ಹೇಳಬೇಕು, ಆಮೇಲೆ ಆಗುವುದಿಲ್ಲ.

ದಾಖಲೆಯ ಮಾತನ್ನು ಕೊನೆಗೆ ಉಳಿಸಿಕೊಂಡೆ. ಕೋರ್ಟಿಗಾಗಲಿ ಕಂಪನಿಗಾಗಲಿ ಆದಾಯ ಕಾಣುವುದು ಕಾಗದದಲ್ಲೇ. ಕಬ್ಬಿನವರು ಕಾರ್ಖಾನೆಯ ತೂಕದ ಚೀಟಿ, ಬಿಲ್ಲು ಇಟ್ಟುಕೊಳ್ಳಿ. ಹಾಲು ಹಾಕುವವರು ಡೇರಿಯ ಪಾಸ್‌ಬುಕ್ ಮಗನ ಹೆಸರಿನಲ್ಲಿ ಮಾಡಿಸಬೇಡಿ, ಹಸು ನೋಡಿಕೊಳ್ಳುವವರ ಹೆಸರಿನಲ್ಲೇ ಇರಲಿ. ಹೊಲಿಗೆಯ ದುಡ್ಡನ್ನು ನಾನೀಗ ಫೋನಿನಲ್ಲೇ ನನ್ನ ಖಾತೆಗೆ ಹಾಕಿಸಿಕೊಳ್ಳುತ್ತೇನೆ. ತೆರಿಗೆ ಬೀಳುವಷ್ಟು ಆದಾಯವಲ್ಲ, ಆದರೂ ಈ ವರ್ಷದಿಂದ ಆದಾಯ ತೆರಿಗೆ ವಿವರ ಸಲ್ಲಿಸುತ್ತೇನೆ.

ನಾವು ಲೆಕ್ಕ ಹಾಕುವಾಗ ಅತ್ತೆ ಪಕ್ಕದಲ್ಲೇ ಕುರ್ಚಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅಪಶಕುನ ಅಂದವರು ಎಲ್ಲ ಕೇಳಿಸಿಕೊಂಡಿದ್ದರು. "ನಂದೆಷ್ಟಾಯ್ತದೆ ಕನವ್ವ?" ಅಂದರು. ಅವರಿಗೆ 68. ಕೋರ್ಟಿನ ಗುಣಕ 5, ಟರ್ಮ್ ವಿಮೆ ಸಿಗುವುದು ಕಷ್ಟ, ಜೀವನ್ ಜ್ಯೋತಿಯ ವಯಸ್ಸು ದಾಟಿದೆ. ಸುರಕ್ಷಾ ಬಿಮಾ ಮಾತ್ರ 70ರ ತನಕ ಇದೆ. ಸೋಮವಾರ ಆಟೊ ಮಾಡಿಕೊಂಡು ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. 20 ರೂಪಾಯಿಯನ್ನು ತಮ್ಮ ಎಲೆಅಡಿಕೆ ಚೀಲದಿಂದಲೇ ತೆಗೆದುಕೊಟ್ಟರು, ಖಾತೆಗೆ ಕಟ್ಟಿಸಿದೆ. ನಾಮಿನಿ ಯಾರು ಅಂತ ಗುಮಾಸ್ತೆ ಕೇಳಿದಾಗ, ಮಗನ ಹೆಸರು ಹೇಳುತ್ತಾರೆ ಅಂತ ನಾನು ಬರೆಯಲು ಹೊರಟಿದ್ದೆ. ಅವರು ನನ್ನ ಹೆಸರು ಹೇಳಿದರು.